ಜೌಹರ್ ನಮ್ಮದು, ಸಾಣೆ ಯಾರದು?

ಬೆಂಗಳೂರಿನ ಕರಕುಶಲ ಮೇಳವೊಂದರಲ್ಲಿ ಕಳೆದ ಚಳಿಗಾಲ ಒಂದು ಚಾಕುವನ್ನು ಕಂಡೆವು. ಗೇಣುದ್ದವೂ ಇಲ್ಲದ ಅಲಗು. ಅದರ ಮೈಮೇಲೆ, ಹರಿಯುವ ನೀರನ್ನು ಯಾರೋ ಹಿಡಿದು ನಿಲ್ಲಿಸಿದಂತೆ ಅಲೆ ಅಲೆಯಾದ ಗೆರೆಗಳು. ಹಿಡಿಯ ಮೇಲೆ ನೀಲಿ, ಹಸಿರು, ಕೆಂಪು ಬಣ್ಣದ ಮೀನಾಕಾರಿ. ಬಳ್ಳಿ, ಹೂವು, ಬಳ್ಳಿಯ ತುದಿಗೊಂದು ಗಿಳಿ. ಮಖಮಲ್ಲು ಹಾಸಿದ ಪೆಟ್ಟಿಗೆ. ‘ಅಸಲಿ ಡಮಾಸ್ಕಸ್’ ಎಂಬ ಚೀಟಿ, ಅದರ ಕೆಳಗೆ ಐದಂಕಿಯ ಬೆಲೆ. ಇದನ್ನು ಮಾಡಿದವರು ಯಾರೆಂದು ಮಾರುವವರನ್ನು ಕೇಳಿದೆವು. ‘ಕಾರೀಗರ್‌ಗಳು ಸಾರ್’ ಎಂದರು. ಕಾರೀಗರರಿಗೂ ಹೆಸರು ಇರುತ್ತದಲ್ಲ ಎಂದೆವು. ಅವರು ನಮ್ಮನ್ನೊಮ್ಮೆ ಮೇಲಿಂದ ಕೆಳಗೆ ನೋಡಿ, ‘ಹೆಸರು ತಗೊಂಡು ಏನ್ ಮಾಡ್ತೀರಾ ಸಾರ್, ಪೀಸ್ ನೋಡಿ’ ಎಂದರು.

ಆ ವ್ಯಾಪಾರಿಯ ಮೇಲೆ ನಮಗೆ ಸಿಟ್ಟಿಲ್ಲ. ಅವರು ಬಾಯಿಬಿಟ್ಟು ಹೇಳಿದ್ದನ್ನು ನಾವೆಲ್ಲ ಬಾಯಿಬಿಡದೆ ತಲೆಮಾರುಗಳಿಂದ ಮಾಡುತ್ತ ಬಂದಿದ್ದೇವೆ. ನಮ್ಮ ತಕರಾರು ಇರುವುದು ಈ ಚಾಕುವಿನ ಮೇಲೆ ಹಕ್ಕು ಸಾಧಿಸುವವರ ಜೊತೆ. ಅವರಲ್ಲಿ ಹಲವರು ನಮ್ಮವರೇ.

ಮೊದಲು ‘ಅಸಲಿ’ ಎಂಬ ಮಾತನ್ನು ಮುಗಿಸಿಬಿಡೋಣ. ಇಂದು ಡಮಾಸ್ಕಸ್ ಎಂದು ಮಾರುವ ಚಾಕುಗಳಲ್ಲಿ ಬಹುಪಾಲು, ಎರಡು ಬಗೆಯ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದಿಟ್ಟು ಕಾಯಿಸಿ, ಬಡಿದು ಬೆಸೆದು, ಮಡಚಿ, ಮತ್ತೆ ಬಡಿದು ಮಾಡಿದವು. ಒಂದು ಬಗೆಯ ಉಕ್ಕಿನಲ್ಲಿ ನಿಕಲ್ ಇರುತ್ತದೆ, ಇನ್ನೊಂದರಲ್ಲಿ ಇರುವುದಿಲ್ಲ. ಕೊನೆಗೆ ಆಮ್ಲದಲ್ಲಿ ಅದ್ದಿದಾಗ ನಿಕಲ್ ಇಲ್ಲದ ಪದರ ಕಪ್ಪಾಗುತ್ತದೆ, ಇರುವ ಪದರ ಬೆಳ್ಳಗೆ ಉಳಿಯುತ್ತದೆ. 1973ರಲ್ಲಿ ವಿಲಿಯಂ ಮೋರನ್ ಎಂಬ ಅಮೆರಿಕದ ಚಾಕು ತಯಾರಕರು ಇಂಥ ಅಲಗುಗಳನ್ನು ಪ್ರದರ್ಶನಕ್ಕಿಟ್ಟ ಮೇಲೆ ಈ ಕಸುಬು ಅಲ್ಲಿ ಮತ್ತೆ ಚಿಗುರಿತು. ಪಾಕಿಸ್ತಾನದ ವಜೀರಾಬಾದಿನ ಕುಲುಮೆಗಳಿಂದ ಇವು ಈಗ ಲೋಕಕ್ಕೆಲ್ಲ ಹೋಗುತ್ತವೆ. ಇದೂ ಮೈಮುರಿಯುವ ಕೆಲಸವೇ, ಇದನ್ನು ಹೀಗಳೆಯುವುದು ನಮ್ಮ ಉದ್ದೇಶವಲ್ಲ. ಆದರೆ ಹಳೆಯ ಡಮಾಸ್ಕಸ್ ಅಲಗು ಇದಲ್ಲ. ಅದರ ಗೆರೆಗಳು ಮಡಿಕೆಯಿಂದ ಬಂದವಲ್ಲ, ಉಕ್ಕಿನ ಒಡಲಿನಿಂದಲೇ ಮೂಡಿದವು.

ಹಿಡಿಯ ಕತೆಯೂ ಹಾಗೆಯೇ. ಮೀನಾ ಎಂದರೆ ಬಣ್ಣ ಬಳಿಯುವುದಲ್ಲ. ಚಿನ್ನ, ಬೆಳ್ಳಿ ಅಥವಾ ತಾಮ್ರದ ಮೇಲೆ ಚಿತ್ತಾರ ಕೊರೆದು, ಆ ಕುಳಿಗಳಲ್ಲಿ ಬಣ್ಣದ ಗಾಜಿನ ಪುಡಿ ತುಂಬಿ, ಕುಲುಮೆಯಲ್ಲಿಟ್ಟು ಕರಗಿಸಬೇಕು. ಹೆಚ್ಚು ಕಾವು ಬೇಡುವ ಬಣ್ಣ ಮೊದಲು, ಕಡಿಮೆ ಬೇಡುವುದು ಆಮೇಲೆ, ಕೆಂಪು ಕೊನೆಗೆ. ಏನಿಲ್ಲವೆಂದರೂ 700–800 ಡಿಗ್ರಿ ಕಾವು. ಹದಗೊಳಿಸಿದ ಅಲಗನ್ನು ಈ ಕಾವಿನಲ್ಲಿಟ್ಟರೆ ಅದರ ಹದವೆಲ್ಲ ಹೋಗಿ ಅದು ಬರೀ ಕಬ್ಬಿಣದ ಪಟ್ಟಿಯಂತಾಗುತ್ತದೆ. ಆದ್ದರಿಂದಲೇ ಅಲಗು ಒಂದು ಮನೆಯಲ್ಲಿ, ಹಿಡಿ ಇನ್ನೊಂದು ಮನೆಯಲ್ಲಿ ತಯಾರಾಗಿ, ಕಾಸಿದ ಅರಗಿನಿಂದ ಅವೆರಡೂ ಕೂಡುತ್ತಿದ್ದವು. ಜೈಪುರ, ಲಖನೌದ ಮೀನಾಗಾರನಿಗೆ ಅಲಗು ಬಡಿದವನ ಮುಖ ಗೊತ್ತಿರಬೇಕೆಂದೇನೂ ಇರಲಿಲ್ಲ. ಮೇಳದಲ್ಲಿ ನಾವು ಕಂಡ ಹಿಡಿಯ ಮೇಲಿದ್ದದ್ದು ಒಣಗಿ ಗಟ್ಟಿಯಾದ ಬಣ್ಣದ ರಾಳ. ಮುಟ್ಟಿದರೆ ಗಾಜಿನ ತಣುಪಿಲ್ಲ, ತಟ್ಟಿದರೆ ಗಾಜಿನ ಸದ್ದಿಲ್ಲ.

ನಿಜವಾದ ಅಲಗಿನ ಕಡೆ ಬರೋಣ. ಇಂಗ್ಲಿಷಿನಲ್ಲಿ ಅದರ ಉಕ್ಕಿಗೆ ‘ವೂಟ್ಜ್’ ಎಂಬ ಹೆಸರಿದೆ. ಮುಂಬಯಿಯಿಂದ ಲಂಡನ್ನಿಗೆ ಕಳಿಸಿದ ಉಕ್ಕಿನ ಉಂಡೆಗಳನ್ನು ಪರೀಕ್ಷಿಸಿ ಜಾರ್ಜ್ ಪಿಯರ್ಸನ್ 1795ರಲ್ಲಿ ರಾಯಲ್ ಸೊಸೈಟಿಯಲ್ಲಿ ಓದಿದ ಪ್ರಬಂಧದಿಂದ ಈ ಪದ ಅಲ್ಲಿ ಹರಡಿತು. ಅದು ನಮ್ಮ ‘ಉಕ್ಕು’ ಎಂಬ ಪದವೇ ಯಾರದೋ ಬಾಯಲ್ಲೋ ಬರಹದಲ್ಲೋ ಕೆಟ್ಟು ಹೀಗಾದದ್ದು ಎಂಬುದನ್ನು ವಿದ್ವಾಂಸರು ಹೆಚ್ಚುಕಡಿಮೆ ಒಪ್ಪಿದ್ದಾರೆ. ಟಿಪ್ಪು ಬಿದ್ದ ಮರುವರ್ಷ, 1800ರಲ್ಲಿ, ಮೈಸೂರು ಸೀಮೆ ಸುತ್ತಲು ಹೊರಟ ಫ್ರಾನ್ಸಿಸ್ ಬುಕಾನನ್ ಮಾಗಡಿ ಕಡೆಯ ಉಕ್ಕಿನ ಒಲೆಗಳನ್ನು ಕಣ್ಣಾರೆ ನೋಡಿ ಬರೆದಿದ್ದಾನೆ. ಮಣ್ಣಿನ ಸಣ್ಣ ಮೂಸೆ. ಅದರೊಳಗೆ ಕಬ್ಬಿಣದ ತುಂಡು, ಜೊತೆಗೆ ತಂಗಡಿ ಗಿಡದ ಕಡ್ಡಿ. ಸೇಲಂ ಕಡೆ ಇದರ ಮೇಲೆ ಎಕ್ಕದ ಎಲೆಯನ್ನೂ ಮುಚ್ಚುತ್ತಿದ್ದರು. ಬಾಯಿಗೆ ಮಣ್ಣು ಮೆತ್ತಿ, ಇದ್ದಿಲಿನ ನಡುವೆ ಸಾಲಾಗಿ ಇಟ್ಟು, ಗಂಟೆಗಟ್ಟಲೆ ತಿದಿ ಒತ್ತುವುದು. ಗಿಡದ ಇಂಗಾಲ ಕಬ್ಬಿಣಕ್ಕಿಳಿದು, ನೂರಕ್ಕೆ ಒಂದೂವರೆ ಭಾಗದಷ್ಟಾಗಿ, ನಿಧಾನವಾಗಿ ಆರಿದ ಮೇಲೆ ಮೂಸೆ ಒಡೆದರೆ ಅಂಗೈಯಗಲದ ಉಂಡೆ. ಬುಕಾನನ್ ಒಲೆಯ ಅಳತೆ ಬರೆದಿದ್ದಾನೆ, ಮೂಸೆಯ ಗಾತ್ರ ಬರೆದಿದ್ದಾನೆ. ತಿದಿ ಒತ್ತಿದವರ ಹೆಸರು ಮಾತ್ರ ನಮ್ಮ ಕಣ್ಣಿಗೆ ಬಿದ್ದಿಲ್ಲ.

ಇದೇ ಉಂಡೆಗಾಗಿ ಇರಾನಿನ ವ್ಯಾಪಾರಿಗಳು ಸಮುದ್ರ ದಾಟಿ ಬರುತ್ತಿದ್ದರು. ಇಂದಿನ ತೆಲಂಗಾಣದ ನಿಜಾಮಾಬಾದ್ ಜಿಲ್ಲೆಯ ಕೋನಸಮುದ್ರಂ ಎಂಬ ಹಳ್ಳಿಯಲ್ಲಿ, ಇಸ್ಫಹಾನಿನಿಂದ ಬಂದು ಕುಲುಮೆಯ ಮುಂದೆ ಕೂತು ಉಕ್ಕು ಮಾಡಿಸುತ್ತಿದ್ದ ಹಾಜಿಯೊಬ್ಬರನ್ನು ಹೆನ್ರಿ ವಾಯ್ಸಿ ಎಂಬ ಇಂಗ್ಲಿಷ್ ವೈದ್ಯ 1820ರ ಸುಮಾರಿಗೆ ಕಂಡಿದ್ದ. ತಮ್ಮ ದೇಶದಲ್ಲಿ ಇಂಥದ್ದನ್ನು ಮಾಡಲು ಹೋಗಿ ಸೋತೆವು ಎಂದು ಆ ಹಾಜಿ ಅವನಿಗೆ ಹೇಳಿದ್ದರಂತೆ. ಉಂಡೆ ನಮ್ಮ ಕಡೆಯದು, ಬಡಿಗೆ ಇಸ್ಫಹಾನಿನದು ಅಥವಾ ಶಾಮಿನದು, ಹಿಡಿ ಇನ್ನೆಲ್ಲಿಯದೋ. ಬಡಿಗೆಯೂ ಸುಲಭದ್ದಲ್ಲ. ಈ ಉಕ್ಕನ್ನು ಹಣ್ಣುಕೆಂಪಿನ ಕಾವಿನಲ್ಲೇ ಬಡಿಯಬೇಕು. ಬಿಳಿಕಾವಿಗೇರಿಸಿದರೆ ಸುತ್ತಿಗೆಯ ಕೆಳಗೆ ಬೆಲ್ಲದಂತೆ ಪುಡಿಯಾಗುತ್ತದೆ. ಯುರೋಪಿನ ಕಮ್ಮಾರರು ಮೊದಲು ಎಡವಿದ್ದು ಇಲ್ಲಿಯೇ.

ಲಂಡನ್ನಿನಲ್ಲಿ ಮೈಕೆಲ್ ಫ್ಯಾರಡೆ, ಜೇಮ್ಸ್ ಸ್ಟೊಡಾರ್ಟ್ ಎಂಬ ಚಾಕು ತಯಾರಕನ ಜೊತೆ ಸೇರಿ 1819ರಿಂದ 1822ರವರೆಗೆ ಈ ಉಕ್ಕಿನ ಗುಟ್ಟು ಹುಡುಕಿದ. ಫ್ಯಾರಡೆಯೂ ಕಮ್ಮಾರನ ಮಗನೇ. ಅಲ್ಲಿ ಕಮ್ಮಾರನ ಮಗ ಫ್ಯಾರಡೆಯಾಗಲು ಸಾಧ್ಯವಾಯಿತು. ಮಾಗಡಿಯ ಒಲೆಯ ಮುಂದಿದ್ದವನ ಮಗ ಏನಾದ? ಕಂಪನಿಯ ಕಾಲ ಮುಗಿಯುತ್ತಿದ್ದಂತೆ ಕಾಡಿನ ಇದ್ದಿಲಿಗೆ ಕಾನೂನು ಬಂತು, 1878ರಲ್ಲಿ ಆಯುಧಕ್ಕೆ ಕಾನೂನು ಬಂತು, ವಿಲಾಯಿತಿ ಉಕ್ಕು ಹಡಗಿನಲ್ಲಿ ಬಂತು. ಒಲೆ ಆರಿತು. ಅಮೆರಿಕದ ಜಾನ್ ವೆರ್‌ಹೋವನ್ ಮತ್ತು ಆಲ್ಫ್ರೆಡ್ ಪೆಂಡ್ರೆ 1990ರ ದಶಕದಲ್ಲಿ ಕಂಡುಕೊಂಡ ಪ್ರಕಾರ, ಆ ಗೆರೆಗಳು ಮೂಡಲು ಅದಿರಿನಲ್ಲಿ ವೆನೇಡಿಯಂನಂಥ ಧಾತು ಅತ್ಯಲ್ಪ ಪ್ರಮಾಣದಲ್ಲಾದರೂ ಇರಬೇಕು. ಅಂಥ ಅದಿರು ತಪ್ಪಿದಾಗ ಕಲೆಯೂ ತಪ್ಪಿತು. ಪೆಂಡ್ರೆ ಕುದುರೆಗಳಿಗೆ ಲಾಳ ಹೊಡೆಯುತ್ತಿದ್ದವರು. ಆ ಸಂಶೋಧನೆಯ ಪ್ರಬಂಧಗಳಲ್ಲಿ ಪ್ರೊಫೆಸರರ ಹೆಸರಿನ ಪಕ್ಕದಲ್ಲೇ ಅವರ ಹೆಸರೂ ಇದೆ ಎಂಬುದನ್ನು ನಾವು ಬೇಕೆಂದೇ ಇಲ್ಲಿ ಹೇಳುತ್ತಿದ್ದೇವೆ.

ಈಗ ಹಕ್ಕುದಾರರ ಸರದಿ.

ಒಂದು ಗುಂಪು ಇದು ಪ್ರಾಚೀನ ಭಾರತದ ವಿಜ್ಞಾನ ಎನ್ನುತ್ತದೆ. ನಿಜ, ಇಲ್ಲಿಯದೇ. ಆದರೆ ಯಾವ ಭಾರತದ್ದು? ಕಬ್ಬಿಣ ಕರಗಿಸುವವರನ್ನು ಪಂಕ್ತಿಯಲ್ಲಿ ಪಕ್ಕಕ್ಕೆ ಕೂರಿಸಿಕೊಳ್ಳದ ಭಾರತದ್ದೋ, ಆ ಕರಗಿಸುವವರದ್ದೋ? ಮಸಿಮೆತ್ತಿದ ಕೈಯನ್ನು ದೂರವಿಟ್ಟು, ಆ ಕೈ ಮಾಡಿದ ಉಂಡೆಯನ್ನು ಮಾತ್ರ ‘ನಮ್ಮ ಪೂರ್ವಜರ ಸಾಧನೆ’ ಎನ್ನುವುದು ಯಾವ ನ್ಯಾಯ? ಕನ್ನಡದ ಹೆಮ್ಮೆಯವರೂ ಇದರಿಂದ ಹೊರತಲ್ಲ. ‘ಉಕ್ಕು’ ಪದ ಇಂಗ್ಲಿಷ್ ನಿಘಂಟಿಗೆ ಹೋಯಿತೆಂದು ರಾಜ್ಯೋತ್ಸವದ ಭಾಷಣದಲ್ಲಿ ಹೇಳುತ್ತೇವೆ, ಕಮ್ಮಾರಸಾಲೆಯ ಜಾಗಕ್ಕೆ ವಾಣಿಜ್ಯ ಮಳಿಗೆ ಬಂದರೆ ಊರು ಮುಂದುವರಿಯಿತು ಎನ್ನುತ್ತೇವೆ.

ಇನ್ನೊಂದು ಗುಂಪು ನಮ್ಮದು. ಇದರ ಬಗ್ಗೆ ಕೊಂಚ ವಿವರವಾಗಿಯೇ ಹೇಳಬೇಕು.

ನಮ್ಮ ಊರಿನ ಮೀಲಾದ್ ಸಭೆಯೊಂದರಲ್ಲಿ ಹೊರಗಿನಿಂದ ಬಂದ ಭಾಷಣಕಾರರು, ಸುಲ್ತಾನ್ ಸಲಾಹುದ್ದೀನ್ ತಮ್ಮ ಡಮಾಸ್ಕಸ್ ಖಡ್ಗದಿಂದ ಗಾಳಿಯಲ್ಲಿ ಹಾರುವ ರೇಷ್ಮೆಯ ವಸ್ತ್ರವನ್ನು ಎರಡು ತುಂಡು ಮಾಡಿದ್ದನ್ನು ಮೈನವಿರೇಳುವಂತೆ ವರ್ಣಿಸಿದರು. ಸಭೆ ‘ಸುಬ್‌ಹಾನಲ್ಲಾಹ್’ ಎಂದಿತು. ವೇದಿಕೆಯಲ್ಲಿ ಕೂತಿದ್ದ ಜಮಾಅತಿನ ಹಿರಿಯರೊಬ್ಬರು ಎಲ್ಲರಿಗಿಂತ ಗಟ್ಟಿಯಾಗಿ ಎಂದರು. ಈ ಕತೆ ಯಾವ ಅರಬ್ ಇತಿಹಾಸಕಾರನದೂ ಅಲ್ಲ. ಸ್ಕಾಟ್‌ಲೆಂಡಿನ ಕಾದಂಬರಿಕಾರ ವಾಲ್ಟರ್ ಸ್ಕಾಟ್ 1825ರಲ್ಲಿ ಪ್ರಕಟಿಸಿದ ‘ದಿ ಟ್ಯಾಲಿಸ್ಮನ್’ ಎಂಬ ಕಾದಂಬರಿಯಲ್ಲಿ ಕಲ್ಪಿಸಿದ್ದು. ನಮ್ಮ ಗತವೈಭವವನ್ನು ಕೂಡ ನಾವು ಸಾಹೇಬರ ಅಂಗಡಿಯಿಂದ ಸಾಲ ತಂದಿದ್ದೇವೆ! ಕಾದಂಬರಿಗಳನ್ನು ಇಷ್ಟು ಭಕ್ತಿಯಿಂದ ಕೇಳುವ ಸಮುದಾಯ ನಮ್ಮ ಕತೆಗಳನ್ನೂ ಓದುತ್ತಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಕತೆ ಬರೆಯುವ ನಮಗೆ ಅಂದು ಅನ್ನಿಸಿದ್ದು ಬೇರೆ ಮಾತು.

ಇತಿಹಾಸ ಬೇಕೆಂದರೆ ಬೇಕಾದಷ್ಟಿದೆ. ಒಂಬತ್ತನೇ ಶತಮಾನದಲ್ಲಿ ಅಲ್-ಕಿಂದಿ ಖಡ್ಗಗಳ ಬಗೆಗಳ ಮೇಲೆಯೇ ಒಂದು ಗ್ರಂಥ ಬರೆದ. ಅರಬ್ಬಿಯಲ್ಲಿ ಒಳ್ಳೆಯ ಖಡ್ಗಕ್ಕೆ ‘ಮುಹನ್ನದ್’ ಎಂಬ ಪದವಿದೆ; ಹಿಂದ್‌ನ ಉಕ್ಕಿನದು ಎಂದು ಅರ್ಥ. ಪ್ರವಾದಿಯವರ (ಸ) ಎದುರಿನಲ್ಲೇ ಕಅಬ್ ಬಿನ್ ಝುಹೈರ್ ಓದಿದ ಕವಿತೆಯಲ್ಲಿ ಪ್ರವಾದಿಯವರನ್ನು ಹೋಲಿಸಲು ಬಳಸಿದ ಪದವೂ ಇದೇ. ಅರಬ್ಬಿಯ ಅಂಥ ಕವಿತೆಯೊಳಗೆ ಹಿಂದ್‌ನ ಹೆಸರು ಕೂತಿರುವಾಗ, ಈ ಅಲಗು ಹಿಂದೂವಿನದೋ ಮುಸ್ಲಿಮನದೋ ಎಂದು ಕಿತ್ತಾಡುವವರಿಗೆ ಏನು ಹೇಳುವುದು? ಇನ್ನು ಡಮಾಸ್ಕಸ್‌ನ ವೈಭವ. 1401ರಲ್ಲಿ ಆ ನಗರವನ್ನು ಸುಲಿದು, ಅಲ್ಲಿಯ ಕುಶಲಕರ್ಮಿಗಳನ್ನು ದನಗಳಂತೆ ಸಮರ್ಕಂದಿಗೆ ಹೊಡೆದುಕೊಂಡು ಹೋದ ತೈಮೂರ್ ಯಾರು? ಕಲಿಮಾ ಓದುತ್ತಿದ್ದವನೇ ಅಲ್ಲವೇ? ಇಸ್ಫಹಾನಿನ ಅಸದುಲ್ಲಾಹ್ ಎಂಬ ಕಮ್ಮಾರನ ಹೆಸರೊಂದು ಅಲಗುಗಳ ಮೇಲೆ ಉಳಿದಿದೆಯಲ್ಲ ಎನ್ನಬಹುದು. ಉಳಿದಿದೆ, ಅವನು ಸತ್ತ ಮೇಲೆಯೂ ತಲೆಮಾರುಗಟ್ಟಲೆ ಕಂಡವರೆಲ್ಲ ತಮ್ಮ ಅಲಗುಗಳ ಮೇಲೆ ಅದೇ ಹೆಸರು ಕೆತ್ತಿ ಮಾರಿದರು. ಹೆಸರು ಉಳಿದದ್ದು ಮನುಷ್ಯನದ್ದಲ್ಲ, ಮಾರ್ಕಿನದು.

ನಮ್ಮ ಭಾಷಣಗಳಲ್ಲಿ ಎಂದೂ ಕೇಳಿಬರದ ಖಡ್ಗದ ಕತೆಯೊಂದಿದೆ. ಅದು ಬುಖಾರಿಯಲ್ಲಿದೆ. ಖಬ್ಬಾಬ್ ಬಿನ್ ಅಲ್-ಅರತ್ ಮಕ್ಕಾದಲ್ಲಿ ಕಮ್ಮಾರರಾಗಿದ್ದವರು, ಖಡ್ಗ ಮಾಡುತ್ತಿದ್ದವರು, ಗುಲಾಮಗಿರಿಯಲ್ಲಿ ಬೆಂದವರು. ಆಸ್ ಬಿನ್ ವಾಇಲ್ ಎಂಬ ಕುರೈಶರ ಶ್ರೀಮಂತ ಅವರಿಂದ ಕೆಲಸ ಮಾಡಿಸಿಕೊಂಡು ಕೂಲಿ ಬಾಕಿ ಇಟ್ಟಿದ್ದ. ಕೇಳಲು ಹೋದಾಗ, ಮುಹಮ್ಮದರನ್ನು ನಿರಾಕರಿಸುವವರೆಗೆ ಕೊಡುವುದಿಲ್ಲ ಎಂದ. ನೀನು ಸತ್ತು ಮತ್ತೆ ಎಬ್ಬಿಸಲ್ಪಡುವವರೆಗೂ ಅದು ನನ್ನಿಂದಾಗದು ಎಂದರು ಖಬ್ಬಾಬ್. ಹಾಗಾದರೆ ಅಲ್ಲಿ ನನಗೆ ಸಂಪತ್ತೂ ಮಕ್ಕಳೂ ಸಿಗುತ್ತಾರಲ್ಲ, ಆಗ ನಿನ್ನ ಬಾಕಿ ತೀರಿಸುತ್ತೇನೆ ಎಂದು ಅವನು ಗೇಲಿ ಮಾಡಿದ. ಸೂರಃ ಮರ್ಯಮ್‌ನ 77ನೇ ಆಯತ್ತಿನಿಂದ ಮುಂದಿನ ಆಯತ್ತುಗಳು ಅವತೀರ್ಣವಾದ ಹಿನ್ನೆಲೆ ಇದು. ಖಡ್ಗ ಬಡಿದವನೊಬ್ಬನ ಕೊಡದ ಕೂಲಿಯ ಪ್ರಸಂಗದಲ್ಲಿ ಕುರ್‌ಆನ್ ಮಾತಾಡಿದೆ. ಖಡ್ಗ ಬೀಸಿದವರ ಕತೆಗಳನ್ನು ಇಷ್ಟೊಂದು ಹೇಳುವ ನಮ್ಮ ವೇದಿಕೆಗಳಿಗೆ ಖಡ್ಗ ಮಾಡಿದವನ ಈ ಕತೆ ಯಾಕೆ ನೆನಪಾಗುವುದಿಲ್ಲ? ಪ್ರವಾದಿ ದಾವೂದರಿಗೆ (ಅ) ಕಬ್ಬಿಣವನ್ನು ಮೃದುವಾಗಿಸಿ ಕೊಟ್ಟದ್ದೂ, ಅವರು ತಮ್ಮ ಕೈಕೆಲಸದಿಂದಲೇ ಉಣ್ಣುತ್ತಿದ್ದದ್ದೂ ನಮ್ಮ ಮದರಸಾದ ಮಕ್ಕಳಿಗೆ ಗೊತ್ತು. ಅದರ ಅರ್ಥ ಏನೆಂದು ಮಾತ್ರ ದೊಡ್ಡವರಿಗೆ ಗೊತ್ತಿಲ್ಲ.

ಅಲಂಕಾರದ ಹಿಡಿ ಎಂದರೆ ದುಂದು, ಇದಕ್ಕೆಲ್ಲ ಯಾಕೆ ಅಳುವುದು ಎನ್ನುವ ಮೌಲವಿಗಳೂ ಇದ್ದಾರೆ. ಪ್ರವಾದಿಯವರ ಖಡ್ಗದ ಹಿಡಿಯ ತುದಿಗೆ ಬೆಳ್ಳಿ ಇತ್ತೆಂದು ಹದೀಸ್ ಗ್ರಂಥಗಳಲ್ಲಿದೆ. ಆ ಚರ್ಚೆ ಅಲ್ಲಿಗೆ ಸಾಕು.

ಉರ್ದುವಿನಲ್ಲಿ ಅಲಗಿನ ಮೇಲಿನ ಆ ನೀರಿನ ಗೆರೆಗಳಿಗೆ ‘ಜೌಹರ್’ ಎನ್ನುತ್ತಾರೆ. ಮನುಷ್ಯನ ಒಳಗುಣಕ್ಕೂ ಅದೇ ಪದ. ನಾವು ಉರ್ದು ಶಾಲೆಯಲ್ಲಿ ಕಲಿತ ಬೈತುಗಳಲ್ಲಿ ಈ ಪದ ಎಷ್ಟು ಬಾರಿ ಬಂದಿತ್ತೋ ಲೆಕ್ಕವಿಲ್ಲ. ಆದರೆ ಜೌಹರ್ ತಾನಾಗಿ ಕಾಣುವುದಿಲ್ಲ ಎಂದು ಯಾವ ಉಸ್ತಾದರೂ ನಮಗೆ ಹೇಳಿರಲಿಲ್ಲ. ಕಮ್ಮಾರ ಬಡಿದುಕೊಟ್ಟ ಅಲಗು ಕಪ್ಪು ಪಟ್ಟಿ. ಅದನ್ನು ಕಲ್ಲಿನ ಮೇಲೆ ದಿನಗಟ್ಟಲೆ ಉಜ್ಜಿ, ಕನ್ನಡಿಯಂತೆ ಮಾಡಿ, ಅನ್ನಭೇದಿಯಂಥ ಉಪ್ಪಿನ ನೀರು ಸವರಿದಾಗ ಒಳಗಿನ ಗೆರೆ ಮೇಲೆ ಬರುತ್ತದೆ. ಉಜ್ಜಿ ಹೊಳಪು ಕೊಡುವ ಈ ಕೆಲಸಕ್ಕೆ ಅರಬ್ಬಿಯ ಬೇರಿನಿಂದ ಬಂದ ‘ಸೈಕಲ್’ ಎಂಬ ಹೆಸರು, ಮಾಡುವವನು ಸೈಕಲ್‌ಗರ್. ಅದು ಜನರ ಬಾಯಲ್ಲಿ ಸಿಕ್ಲಿಗರ್ ಆಯಿತು. ಉತ್ತರದಲ್ಲಿ ಸಿಖ್ಖರಲ್ಲಿ ಸಿಕ್ಲಿಗರರಿದ್ದಾರೆ. ನಮ್ಮ ಬೆಳಗಾವಿ, ವಿಜಯಪುರದ ಕಡೆ ಮುಸ್ಲಿಮರಲ್ಲಿ ‘ಶಿಕಲಗಾರ’ ಎಂಬ ಅಡ್ಡಹೆಸರಿನ ಮನೆತನಗಳಿವೆ. ಖಡ್ಗಗಳು ಹೋದ ಮೇಲೆ ಅವರಲ್ಲಿ ಎಷ್ಟೋ ಮಂದಿ ಕತ್ತರಿ, ಕುಡುಗೋಲು, ಈಳಿಗೆಮಣೆ, ಕಟುಕರ ಕತ್ತಿಗಳಿಗೆ ಸಾಣೆ ಹಿಡಿದು ಬದುಕಿದರು.

ನಮ್ಮ ಪರಿಚಯದ ಮನೆಯೊಂದರ ಹುಡುಗಿಗೆ ಕೆಲವು ವರ್ಷಗಳ ಹಿಂದೆ ಆ ಕಡೆಯ ಸಂಬಂಧವೊಂದು ಬಂತು. ಹುಡುಗ ಡಿಪ್ಲೊಮಾ ಓದಿ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವನು, ನಮಾಜಿಗೆ ತಪ್ಪದವನು. ಹುಡುಗಿಗೂ ಮನಸ್ಸಿತ್ತು. ಮಾತುಕತೆಗೆ ಕರೆಸಿಕೊಂಡ ಜಮಾಅತಿನ ಹಿರಿಯರು ಅಡ್ಡಹೆಸರು ಕೇಳಿದವರೇ, ‘ಸಾನ್ ಧರ್ನೇವಾಲ್ಯಾಂಕೆ ಘರ್‌ಕು ಬೇಟಿ ದೇತೇ ಕ್ಯಾ?’ ಎಂದುಬಿಟ್ಟರು. ಸಾಣೆ ಹಿಡಿಯುವವರ ಮನೆಗೆ ಹೆಣ್ಣು ಕೊಡುವುದೇ? ಮಾತು ಅಲ್ಲಿಗೆ ನಿಂತಿತು. ಆ ಹಿರಿಯರು ಬೇರೆ ಯಾರೂ ಅಲ್ಲ, ರೇಷ್ಮೆ ತುಂಡಾದ ಕತೆಗೆ ಎಲ್ಲರಿಗಿಂತ ಗಟ್ಟಿಯಾಗಿ ‘ಸುಬ್‌ಹಾನಲ್ಲಾಹ್’ ಎಂದವರು. ಖಡ್ಗದ ಹೊಳಪು ನಮ್ಮದು, ಹೊಳಪು ಕೊಟ್ಟವನು ಕೀಳು. ಇಸ್ಲಾಮಿನಲ್ಲಿ ಜಾತಿಯಿಲ್ಲ ಎಂದು ಪುಸ್ತಕ ತೆರೆದು ತೋರಿಸುತ್ತೇವೆ. ಪುಸ್ತಕದಲ್ಲಿ ಇಲ್ಲ, ನಿಜ. ನಿಕಾಹದ ಮಾತುಕತೆಯ ಚಾಪೆಯ ಮೇಲೆ ಇದೆ. ಪಿಂಜಾರರನ್ನು, ಕಲಾಯಿ ಹಾಕುವವರನ್ನು, ಸಾಣೆಯವರನ್ನು ನಾವು ಅಲ್ಲಿ ಹೇಗೆ ಕೂರಿಸುತ್ತೇವೆಂದು ಅವರನ್ನೇ ಕೇಳಿ.

ಹೊರಗಿನ ಲೋಕ ಅವರನ್ನು ಇನ್ನೊಂದು ರೀತಿ ನೋಡುತ್ತದೆ. ಒಂಬತ್ತು ಇಂಚಿಗಿಂತ ಉದ್ದದ ಅಥವಾ ಎರಡು ಇಂಚಿಗಿಂತ ಅಗಲದ ಅಲಗು ಮನೆಬಳಕೆ, ಬೇಸಾಯದಂಥ ಕೆಲಸದ್ದಲ್ಲದಿದ್ದರೆ ನಮ್ಮ ಆಯುಧ ನಿಯಮಗಳ ಪ್ರಕಾರ ಆಯುಧಗಳ ಪಟ್ಟಿಗೆ ಸೇರುತ್ತದೆ. ಕಾನೂನು ಎಲ್ಲರಿಗೂ ಒಂದೇ. ಆದರೆ ಶ್ರೀಮಂತರ ಬೈಠಕ್ಕಿನ ಗೋಡೆಯ ಮೇಲೆ ಮೀನಾಕಾರಿಯ ಕಠಾರಿ ತೂಗಿದರೆ ಅದು ಕಲೆ. ಸಾಣೆ ಹಿಡಿಯಲು ಕೊಟ್ಟ ನಾಲ್ಕು ಕತ್ತಿಗಳನ್ನು ಗೋಣಿಚೀಲದಲ್ಲಿ ಸುತ್ತಿ ಬಸ್ಸು ಹತ್ತಿದ ಗಡ್ಡದ ಹುಡುಗನ ಕೈಯಲ್ಲಿ ಅದೇ ಉಕ್ಕು ಸುದ್ದಿ. 2023ರ ಮೇ ತಿಂಗಳಲ್ಲಿ ಲಂಡನ್ನಿನ ಬಾನ್‌ಹ್ಯಾಮ್ಸ್ ಹರಾಜಿನಲ್ಲಿ ಟಿಪ್ಪುವಿನ ಶಯನಗೃಹದ ಖಡ್ಗ 1 ಕೋಟಿ 40 ಲಕ್ಷ ಪೌಂಡಿಗೆ ಹೋಯಿತು. ನಮ್ಮ ಲೆಕ್ಕದಲ್ಲಿ 140 ಕೋಟಿ ರೂಪಾಯಿಗೂ ಹೆಚ್ಚು. ಟಿಪ್ಪುವನ್ನು ಹೊಗಳುವವರೂ ತೆಗಳುವವರೂ ಅಂದು ಬಾಯಿತುಂಬ ಮಾತಾಡಿದರು. ನಾವು ಓದಿದ ಯಾವ ಸುದ್ದಿಯಲ್ಲೂ ಅದನ್ನು ಬಡಿದವನ ಪ್ರಸ್ತಾಪ ಇರಲಿಲ್ಲ.

ಮಾಡಿದವನ ಹೆಸರು ಹೇಳುವುದು ಅಷ್ಟು ಕಷ್ಟವೇ? ಬೀದರಿನ ಬಿದ್ರಿ ಕಲೆಗೆ 2006ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. 2023ರಲ್ಲಿ ಅಲ್ಲಿಯ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂತು. ಅಂದು ಕನ್ನಡದ ಪತ್ರಿಕೆಗಳಲ್ಲಿ ಬಿದ್ರಿಯ ಹೂಜಿಯ ಪಕ್ಕ ಒಬ್ಬ ಮನುಷ್ಯನ ಮುಖ ಕಂಡಿತು. ಒಂದು ಪ್ರಶಸ್ತಿಯಿಂದ ಉಳಿದ ಕುಶಲಕರ್ಮಿಗಳ ಹೊಟ್ಟೆ ತುಂಬಿತೆಂದು ನಾವು ಹೇಳುತ್ತಿಲ್ಲ. ಮೇಳ ನಡೆಸುವವರು ಬೆಲೆಚೀಟಿಯ ಮೇಲೆ ಅಲಗಿನವನ, ಹಿಡಿಯವನ, ಹೊಳಪಿನವನ ಹೆಸರನ್ನೂ ಅವರಿಗೆ ಸಂದ ಕೂಲಿಯನ್ನೂ ಬರೆಯಲಿ ಎಂದು ಕೇಳುತ್ತಿದ್ದೇವೆ. ರಾಳವನ್ನು ಮೀನಾ ಎನ್ನುವುದನ್ನು ನಿಲ್ಲಿಸಲಿ. ಕೊಳ್ಳುವವರು ಕೇಳದೆ ಅವರು ಬರೆಯುವುದಿಲ್ಲ, ಆದ್ದರಿಂದ ಕೇಳಿ. ನಮ್ಮ ಜಮಾಅತಿನವರನ್ನು ಇನ್ನೂ ಸಣ್ಣದೊಂದನ್ನು ಕೇಳುತ್ತೇವೆ: ಮುಂದಿನ ಮೀಲಾದಿನಲ್ಲಿ ಸಲಾಹುದ್ದೀನರ ರೇಷ್ಮೆಯನ್ನು ಬಿಟ್ಟು ಖಬ್ಬಾಬರ ಕೂಲಿಯ ಕತೆ ಹೇಳಿಸಿ. ಆ ಸಭೆಗೆ ಊರಿನ ಸಾಣೆಯವನೊಬ್ಬನನ್ನು ಕರೆದು ವೇದಿಕೆಯ ಮೇಲೆ ಕೂರಿಸಿ.

ಆ ಹುಡುಗಿಯ ಮದುವೆ ಆಮೇಲೆ ಬೇರೆ ಕಡೆ ಆಯಿತು. ಶಾದಿಮಹಲಿನಲ್ಲಿ ಎಂಟುನೂರು ಜನಕ್ಕೆ ಬಿರಿಯಾನಿ. ಹಿಂದಿನ ರಾತ್ರಿ ಮಾಂಸ ಕತ್ತರಿಸಿದ ಕತ್ತಿಗಳಿಗೆಲ್ಲ ಸಾಣೆ ಹಿಡಿದುಕೊಟ್ಟವರು ಆ ಹುಡುಗನ ಚಿಕ್ಕಪ್ಪ. ತಿಂಗಳಾದ ಮೇಲೆ ನಮ್ಮ ಬೀದಿಯಲ್ಲಿ ಚಕ್ರ ತುಳಿಯುತ್ತಿದ್ದಾಗ ಅವರನ್ನು ಮಾತಾಡಿಸಿದೆವು. ಆ ಕೂಲಿ ಇನ್ನೂ ಬಂದಿಲ್ಲ ಎಂದರು. ಆ ಊಟ ನಾವೂ ಉಂಡಿದ್ದೆವು.